ಮುಳುಗಡೆಯ ಸಾಹಿತ್ಯ, ಮುಗಿಯದ ಅರ್ಜಿ

ಕ್ಯಾಸನೂರು ಎಂದರೆ ಹೊರಜಗತ್ತಿಗೆ ಒಂದು ಕಾಯಿಲೆಯ ಹೆಸರು. 1957ರಲ್ಲಿ ಸೊರಬ ಸೀಮೆಯ ಈ ಊರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಬೆನ್ನಿಗೇ ಜನರಿಗೂ ಜ್ವರ ಹತ್ತಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಾಣುವನ್ನು ಗುರುತಿಸಿದರು. ಅದಕ್ಕೆ ಊರಿನ ಹೆಸರೇ ನಿಂತಿತು. ನಾವು ಮಂಗನ ಕಾಯಿಲೆ ಎನ್ನುವುದನ್ನು ವೈದ್ಯಕೀಯ ಗ್ರಂಥಗಳು ಇಂದಿಗೂ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಬರೆಯುತ್ತವೆ.

ಆದರೆ ಸೊರಬ, ಶಿಕಾರಿಪುರ, ಸಾಗರ, ಹೊಸನಗರದ ಕಡೆ ಸ್ವಲ್ಪ ದಿನ ಓಡಾಡಿದವರಿಗೆ ಇಲ್ಲಿ ಇನ್ನೊಂದು ಹಳೆಯ ಬೇನೆಯೂ ಇದೆ ಎಂಬುದು ತಿಳಿಯುತ್ತದೆ. ಅದು ಅರ್ಜಿಯ ಬೇನೆ. ಕಾಡಂಚಿನ ಮನೆಯೊಂದರ ಜಗಲಿಯಲ್ಲಿ ಕೂತು ಜಮೀನಿನ ಮಾತೆತ್ತಿದರೆ ಸಾಕು, ಮನೆಯ ಹಿರಿಯರು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತರುತ್ತಾರೆ. ಅದರೊಳಗೆ ಕಂದಾಯ ಕಟ್ಟಿದ ರಸೀದಿ, ಮಂಜೂರಾತಿ ಪತ್ರದ ಜೆರಾಕ್ಸಿನ ಜೆರಾಕ್ಸ್, ಬಗರ್‌ಹುಕುಂನ ನಮೂನೆ 50, 53, 57, ಮನೆಯಡಿ ಜಾಗಕ್ಕೆ ಹಾಕಿದ 94ಸಿ, ಅರಣ್ಯ ಹಕ್ಕು ಸಮಿತಿಯ ಹಿಂಬರಹ, ಯಾವುದೋ ಚುನಾವಣೆಯ ಮುಂಚೆ ಸಿಕ್ಕ ಶಿಫಾರಸು ಪತ್ರ. ಅಪ್ಪನ ಹೆಬ್ಬೆಟ್ಟು ಒಂದರಲ್ಲಿ, ಮಗನ ಸಹಿ ಇನ್ನೊಂದರಲ್ಲಿ, ಮೊಮ್ಮಗಳ ದುಂಡು ಅಕ್ಷರ ಮತ್ತೊಂದರಲ್ಲಿ. ಮೂರು ತಲೆಮಾರು ಒಂದೇ ಮಾತನ್ನು ಬರೆದಿದೆ: ನಮ್ಮನ್ನು ಇಲ್ಲಿಗೆ ತಂದು ಬಿಟ್ಟವರು ನೀವೇ, ಇದು ನಮ್ಮದು ಎಂದು ಬರೆದುಕೊಡಿ.

ಈ ಚೀಲ ನಮ್ಮ ಸಾಹಿತ್ಯದಲ್ಲಿ ಎಲ್ಲಿದೆ ಎಂಬುದು ನನ್ನ ಪ್ರಶ್ನೆ.

ಕನ್ನಡದಲ್ಲಿ ಮುಳುಗಡೆಯ ಬಗ್ಗೆ ಬರೆದವರಿಲ್ಲ ಎಂದು ಯಾರೂ ಹೇಳುವಂತಿಲ್ಲ. ಬಹುಶಃ ಭಾರತದ ಕೆಲವೇ ಭಾಷೆಗಳಿಗೆ ಇರುವ ಭಾಗ್ಯ ನಮ್ಮದು. ಸಾಗರದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಎಂಬ ಕಾದಂಬರಿಗಳನ್ನು ಕೊಟ್ಟರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಕೆಲಸದಲ್ಲೇ ಇದ್ದ ಅವರು ಅಣೆಕಟ್ಟು ಏಳುವುದನ್ನೂ ಊರು ಮುಳುಗುವುದನ್ನೂ ಹತ್ತಿರದಿಂದ ಕಂಡವರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಚಲನಚಿತ್ರ ಮಾಡಿದರು, ಅದು ಸ್ವರ್ಣಕಮಲ ಪಡೆಯಿತು. ಅದಾಗಿ ಬಹಳ ವರ್ಷಗಳ ಮೇಲೆ ಗಜಾನನ ಶರ್ಮ ಅವರ ‘ಪುನರ್ವಸು’ ಬಂತು. ಅವರೂ ವಿದ್ಯುತ್ ಇಲಾಖೆಯಲ್ಲಿ ದುಡಿದವರು. ನಮ್ಮ ಮುಳುಗಡೆಯ ಕಥೆ ಹೇಳಿದ ಇಬ್ಬರೂ ಸರಕಾರದ ಮೇಜಿನ ಆ ಬದಿಯಲ್ಲಿ ಕೂತವರು ಎಂಬುದನ್ನು ನಾನು ಆಕ್ಷೇಪವಾಗಿ ಹೇಳುತ್ತಿಲ್ಲ. ಆ ಬದಿಯಲ್ಲಿ ಕೂತೂ ಈ ಬದಿಯ ನೋವನ್ನು ಕಂಡದ್ದು ಅವರ ದೊಡ್ಡತನ. ನಾ. ಡಿಸೋಜ ಅವರಂತೂ ಬರೆದು ಸುಮ್ಮನಾಗಲಿಲ್ಲ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ, 2019ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಹೋರಾಟದ ಮುಂಚೂಣಿಗೆ ಬಂದು ನಿಂತರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಮಲೆನಾಡು ತನ್ನ ಸಾಕ್ಷಿಯನ್ನೇ ಕಳೆದುಕೊಂಡಿತು.

ಇಷ್ಟೆಲ್ಲ ಗೌರವ ಇಟ್ಟುಕೊಂಡೇ ಒಂದು ತಕರಾರು ಹೇಳಬೇಕಾಗಿದೆ. ನಮ್ಮ ಮುಳುಗಡೆಯ ಸಾಹಿತ್ಯದ ಕಣ್ಣು ನೀರಿನ ಮೇಲೆ ನೆಟ್ಟಿದೆ. ನೀರು ಏರುವುದು, ಅಂಗಳಕ್ಕೆ ಬರುವುದು, ದೇವರನ್ನು ಕಿತ್ತು ಒಯ್ಯುವುದು, ಕೊಟ್ಟಿಗೆಯ ದನವನ್ನು ಬಿಡಿಸುವುದು, ಲಾರಿ ಹತ್ತುವುದು. ಓದುವಾಗ ಗಂಟಲು ಕಟ್ಟುತ್ತದೆ. ಆದರೆ ಲಾರಿ ಇಳಿದ ಮೇಲೆ? ಊರು ಬಿಡುವುದು ಒಂದು ಮಳೆಗಾಲದ ಕಥೆ, ಅರ್ಜಿ ಹಿಡಿದು ಅಲೆಯುವುದು ಅರವತ್ತು ವರ್ಷದ ಕಥೆ. ನಾವು ಮೊದಲನೆಯದನ್ನು ಬರೆದೆವು, ಎರಡನೆಯದನ್ನು ತಾಲೂಕು ಕಚೇರಿಯ ಗುಮಾಸ್ತರಿಗೆ ಬಿಟ್ಟೆವು.

ಇದರಿಂದ ಏನು ನಷ್ಟವಾಯಿತು ಎಂದು ಹೇಳಲು ನಾನು ಸ್ವಲ್ಪ ದೂರ ಹೋಗಿಬರಬೇಕು.

ಅಮೆರಿಕದ ಚೆರೋಕೀ ಜನಾಂಗದ ಹೆಸರನ್ನು ಓದುಗರು ಕೇಳಿರಬಹುದು. ಜಾರ್ಜಿಯಾ, ಟೆನೆಸಿ ಭಾಗದ ಮೂಲನಿವಾಸಿಗಳು. ತಮ್ಮ ಭಾಷೆಗೆ ತಾವೇ ಲಿಪಿ ಮಾಡಿಕೊಂಡವರು, 1828ರಲ್ಲೇ ಸ್ವಂತ ಪತ್ರಿಕೆ ನಡೆಸಿದವರು. 1832ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಅವರ ಪರವಾಗಿಯೇ ಬಂತು, ಪ್ರಯೋಜನವಾಗಲಿಲ್ಲ. 1835ರಲ್ಲಿ ಸಣ್ಣದೊಂದು ಗುಂಪಿನಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಐವತ್ತು ಲಕ್ಷ ಡಾಲರಿಗೆ ಅವರ ನಾಡನ್ನೆಲ್ಲ ಸರಕಾರ ಕೊಂಡುಕೊಂಡಿತು. ಈ ಒಪ್ಪಂದ ನಮ್ಮದಲ್ಲ ಎಂದು 15 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದ ಮನವಿ ವಾಷಿಂಗ್ಟನ್ನಿಗೆ ಹೋಯಿತು. ಅದನ್ನು ಯಾರೂ ಲೆಕ್ಕಿಸಲಿಲ್ಲ. 1838-39ರಲ್ಲಿ ಬಂದೂಕಿನ ಮೊನೆಯಲ್ಲಿ ಅವರನ್ನು ಪಶ್ಚಿಮಕ್ಕೆ ಅಟ್ಟಿದರು. ದಾರಿಯಲ್ಲಿ ಮತ್ತು ಶಿಬಿರಗಳಲ್ಲಿ ಸತ್ತವರು ಸುಮಾರು 4 ಸಾವಿರ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಕಣ್ಣೀರಿನ ಹಾದಿ ಎಂದು ಜಗತ್ತು ಅದನ್ನು ನೆನೆಯುತ್ತದೆ.

ಕಣ್ಣೀರಿನ ಹಾದಿ ಎಲ್ಲರಿಗೂ ಗೊತ್ತು. ಆ ಹಾದಿ ಮುಗಿದಲ್ಲಿ ಶುರುವಾದ ಲೆಕ್ಕದ ಹಾದಿ ಅಷ್ಟಾಗಿ ಗೊತ್ತಿಲ್ಲ. ಹೊಸ ಜಾಗ ತಲುಪಿದ ಚೆರೋಕೀಗಳು ಸುಮ್ಮನೆ ಕೂತು ಅಳಲಿಲ್ಲ. 1842ರ ಹೊತ್ತಿಗೆ ಮನೆಮನೆಯವರು ತಾವು ಬಿಟ್ಟು ಬಂದದ್ದರ ಪಟ್ಟಿ ಬರೆಸಿದರು. ಇಷ್ಟು ಹಂದಿ, ಇಷ್ಟು ಕೋಳಿ, ಒಂದು ಮಗ್ಗ, ಇಷ್ಟು ಪೀಚ್ ಮರ, ಕೊಯ್ಯದೆ ಬಿಟ್ಟ ಜೋಳದ ಹೊಲ. ಇವತ್ತು ಆ ಜನ ಹೇಗೆ ಬದುಕುತ್ತಿದ್ದರು, ಏನು ಬೆಳೆಯುತ್ತಿದ್ದರು, ಹೆಂಗಸರ ಕೈಯಲ್ಲಿ ಏನೇನಿತ್ತು ಎಂದು ತಿಳಿಯಲು ಇತಿಹಾಸಕಾರರು ತೆರೆಯುವುದು ಈ ಕಾಗದಗಳನ್ನೇ.

ಅವರ ಮುಖಂಡ ಜಾನ್ ರಾಸ್ ಮತ್ತೆ ಮತ್ತೆ ರಾಜಧಾನಿಗೆ ನಿಯೋಗ ಒಯ್ದರು. 1846ರಲ್ಲಿ ಹೊಸ ಒಪ್ಪಂದವಾಯಿತು, 1850ರ ದಶಕದ ಆರಂಭದಲ್ಲಿ ಸ್ವಲ್ಪ ಹಣ ಹಂಚಿಕೆಯಾಯಿತು. ಆದರೆ ಒಂದು ತಕರಾರನ್ನು ಅವರು ಬಿಡಲೇ ಇಲ್ಲ. ನಮ್ಮನ್ನು ಎಬ್ಬಿಸಿ ಓಡಿಸಿದ ಖರ್ಚನ್ನೂ ನೀವು ನಮ್ಮ ನೆಲದ ಹಣದಿಂದಲೇ ಕಳೆದುಕೊಂಡಿದ್ದೀರಿ, ಅದನ್ನು ವಾಪಸು ಕೊಡಿ ಎಂಬ ತಕರಾರು. 1906ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು: ಮೂಲ ಹಣ 11 ಲಕ್ಷ ಡಾಲರಿಗೂ ಮೀರಿ, ಅದರ ಮೇಲೆ 1838ರ ಜೂನ್ 12ರಿಂದ ಬಡ್ಡಿ. ಬಡ್ಡಿ ಎಂಬ ಮಾತನ್ನು ಗಮನಿಸಿ. ಕೊಟ್ಟದ್ದು ಸಹಾಯಧನವಲ್ಲ, ಸಾಲ ತೀರಿಸಿದ್ದು ಎಂದು ನ್ಯಾಯಾಲಯ ಒಪ್ಪಿಕೊಂಡಂತಾಯಿತು. ಓಡಿಸಲ್ಪಟ್ಟವರಲ್ಲಿ ಆಗ ಬದುಕಿದ್ದವರು ಬೆರಳೆಣಿಕೆಯ ಮಂದಿ. ಮೊಮ್ಮಕ್ಕಳು ಅರ್ಜಿ ಹಾಕಿದರು. ಸುಮಾರು 90 ಸಾವಿರ ಮಂದಿಯ ಪರವಾಗಿ ಅರ್ಜಿ ಬಂತು, ವಿಚಾರಣೆ ಮುಗಿದು 1909ರಲ್ಲಿ ಪಟ್ಟಿ ಸಿದ್ಧವಾದಾಗ ಉಳಿದ ಹೆಸರು 30 ಸಾವಿರದಷ್ಟು. ತಲೆಗೆ ಸುಮಾರು 133 ಡಾಲರ್ ಸಿಕ್ಕಿತು.

ನಮ್ಮವರಿಗೂ ಅವರಿಗೂ ಹೋಲಿಕೆ ಎಳೆಯುವಾಗ ಎಚ್ಚರ ಬೇಕು. ಅವರು ಒಂದು ಜನಾಂಗವಾಗಿ, ಕೈಯಲ್ಲಿ ಒಪ್ಪಂದದ ಪತ್ರ ಹಿಡಿದು ಹೋದರು. ಶರಾವತಿ ಕಣಿವೆಯಲ್ಲಿ ಇದ್ದವರು ದೀವರು, ಹವ್ಯಕರು, ಒಕ್ಕಲಿಗರು, ಇನ್ನೂ ಹಲವರು. ಒಬ್ಬೊಬ್ಬರ ನಷ್ಟವೂ ಬೇರೆ, ಅಂತಸ್ತೂ ಬೇರೆ. ಬಂದೂಕು ಇರಲಿಲ್ಲ, ನಾಡಿಗೆ ಬೆಳಕು ಕೊಡುತ್ತೀರಿ ಎಂಬ ಹೊಗಳಿಕೆ ಇತ್ತು. ಅವರನ್ನು ಒಂದೇ ಕಡೆಗೆ ಒಯ್ಯಲೂ ಇಲ್ಲ. ಜಿಲ್ಲೆಯ ತಾಲೂಕು ತಾಲೂಕುಗಳ ಕಾಡಿನ ಸರ್ವೆ ನಂಬರುಗಳಿಗೆ ಚದುರಿಸಿದರು. ಚದುರಿದವರು ಒಟ್ಟಾಗಿ ಒಂದು ಲೆಕ್ಕ ಕೇಳುವುದು ಹೇಗೆ?

ಶರಾವತಿಯಲ್ಲಿ ನೀರು ನಿಂತದ್ದು ಒಮ್ಮೆಯಲ್ಲ. ಮೊದಲು 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು. ಆಮೇಲೆ 1964ಕ್ಕೆ ಲಿಂಗನಮಕ್ಕಿ. ಎರಡನೆಯದು ಎಷ್ಟು ದೊಡ್ಡದೆಂದರೆ ಮೊದಲನೆಯ ಅಣೆಕಟ್ಟನ್ನೇ ನುಂಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೇಲೆ ಕಾಣುತ್ತದೆ, ಜನ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ನೂರಕ್ಕೂ ಹೆಚ್ಚು ಹಳ್ಳಿ ನೀರಿಗೆ ಸಿಕ್ಕಿತು. ಮೊದಲ ಸಲ ಎದ್ದು ಮೇಲಕ್ಕೆ ಹೋಗಿ ಮನೆ ಕಟ್ಟಿಕೊಂಡವರಲ್ಲಿ ಕೆಲವರು ಎರಡನೆಯ ಸಲವೂ ಏಳಬೇಕಾಯಿತು. ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟ್ ಈ ಲೆಕ್ಕದ ಒಂದು ಬದಿ. ಇನ್ನೊಂದು ಬದಿಯನ್ನು ಬರೆಯುವಾಗ ಪುಸ್ತಕ ಮುಚ್ಚಿಬಿಟ್ಟರು.

ಆ ಬದಿಯಲ್ಲಿ ಮೊದಲು ಬರೆಯಬೇಕಾದವರು ಗೇಣಿದಾರರು. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದದ್ದು, ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಓದುಗರಿಗೆ ಗೊತ್ತಿದೆ. ಅದು ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಎದ್ದ ಹೋರಾಟ. ಅದೇ ಸೀಮೆಯಲ್ಲಿ, ಅದೇ ಗೇಣಿದಾರರು ದುಡಿಯುತ್ತಿದ್ದ ಕಣಿವೆಯ ಗದ್ದೆಗಳು ಹತ್ತು-ಹದಿಮೂರು ವರ್ಷಗಳಲ್ಲಿ ನೀರಿಗೆ ಹೋದವು. ಪರಿಹಾರ ಮುಖ್ಯವಾಗಿ ಖಾತೆಯಲ್ಲಿ ಹೆಸರಿದ್ದವರ ಕೈ ಸೇರುವಂಥದ್ದು. ಉಳುತ್ತಿದ್ದವನ ಹೆಸರು ಖಾತೆಯಲ್ಲಿ ಇರಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಉಳುವವನನ್ನೇ ಒಡೆಯನನ್ನಾಗಿಸುವ ಕಾನೂನು ಬಂತು. ಮೇಲಿನ ಊರಿನ ಗೇಣಿದಾರ ನಮೂನೆ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತು ಒಡೆಯನಾದ. ಕೆಳಗಿನ ಊರಿನಲ್ಲಿ ಅವನಷ್ಟೇ ವರ್ಷ ಉತ್ತವನ ಗದ್ದೆಯ ಮೇಲೆ ಹತ್ತು ವರ್ಷದಿಂದ ನೀರು ನಿಂತಿತ್ತು. ನೀರಿನೊಳಗಿನ ಗದ್ದೆಗೆ ನಮೂನೆ 7 ಇಲ್ಲ. ಹತ್ತು ವರ್ಷ ಮೊದಲು ಮುಳುಗಿದ್ದಕ್ಕೆ ಒಬ್ಬ ಒಡೆಯನಾಗಲಿಲ್ಲ. ಇಷ್ಟು ಕ್ರೂರವಾದ ಕಥಾವಸ್ತು ಕೈಯಳತೆಯಲ್ಲಿ ಇದ್ದರೂ ಅದರ ಸುತ್ತ ಹೆಣೆದ ಒಂದು ದೊಡ್ಡ ಕಾದಂಬರಿ ನನ್ನ ಓದಿಗೆ ಸಿಕ್ಕಿಲ್ಲ.

ಚೆರೋಕೀ ಕಥೆಯಲ್ಲೂ ಇಂಥದೇ ಒಂದು ಕಪ್ಪು ಮೂಲೆ ಇದೆ. ಅವರಲ್ಲಿನ ಸಿರಿವಂತರು ಕರಿಯ ಗುಲಾಮರನ್ನು ಇಟ್ಟುಕೊಂಡಿದ್ದರು. ಆ ಗುಲಾಮರೂ ಕಣ್ಣೀರಿನ ಹಾದಿಯನ್ನು ನಡೆದೇ ದಾಟಿದರು. ಮುಂದೆ 1909ರ ಪಟ್ಟಿ ಮಾಡುವಾಗ ಅವರ ಮಕ್ಕಳಿಗೆ ಪಾಲಿಲ್ಲ ಎಂದಾಯಿತು. ದಾರಿ ನಡೆಯುವಾಗ ಎಲ್ಲರೂ ಇದ್ದರು, ಲೆಕ್ಕ ಬರೆಯುವಾಗ ಕೆಲವರು ಇರಲಿಲ್ಲ. ಕಳೆದುಕೊಂಡವರು ಯಾರು ಎಂಬುದನ್ನು ತೀರ್ಮಾನಿಸುವುದು ನೀರೂ ಅಲ್ಲ, ಬಂದೂಕೂ ಅಲ್ಲ, ಅರ್ಜಿಯ ನಮೂನೆ. ಆ ನಮೂನೆಯನ್ನು ಓದಲು ಬಾರದ ಸಾಹಿತ್ಯ ಅರ್ಧ ಕುರುಡಾಗಿರುತ್ತದೆ.

ಇನ್ನು ಚೀಲದ ಕಥೆಗೆ ಬರೋಣ. ಸಂತ್ರಸ್ತರಿಗೆ ಕೊಟ್ಟದ್ದು ಬಹುಪಾಲು ಅರಣ್ಯದ ಜಾಗ. ಕೊಟ್ಟರು, ಆದರೆ ಕಾಡಿನ ಪಟ್ಟಿಯಿಂದ ಅದನ್ನು ತೆಗೆಯಲಿಲ್ಲ. ನೆಲದ ಮೇಲೆ ಮನೆ, ತೋಟ, ಶಾಲೆ, ದಾಖಲೆಯಲ್ಲಿ ಅರಣ್ಯ. 1964ರಿಂದ 1980ರವರೆಗೆ ಇದನ್ನು ಸರಿಪಡಿಸಲು ರಾಜ್ಯ ಸರಕಾರಕ್ಕೆ ದಿಲ್ಲಿಯ ಅಪ್ಪಣೆ ಬೇಕಿರಲಿಲ್ಲ. ಹದಿನಾರು ವರ್ಷ. ಒಂದು ಅಧಿಸೂಚನೆಯ ಕೆಲಸ. ಅದಾಗಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. ಅಲ್ಲಿಂದಾಚೆ ಕೇಂದ್ರದ ಪೂರ್ವಾನುಮತಿ ಇಲ್ಲದೆ ಒಂದು ಗುಂಟೆಯನ್ನೂ ಬಿಡಿಸುವಂತಿಲ್ಲ. ಶಿವಮೊಗ್ಗದಲ್ಲಿ ಮುಗಿಯಬಹುದಾಗಿದ್ದ ಕಡತ ಹೀಗೆ ದಿಲ್ಲಿಯ ಕಡತವಾಯಿತು.

ಈ ನಡುವೆ ಈ ಜಿಲ್ಲೆ ಎಂಥೆಂಥವರನ್ನು ಕಂಡಿತು! ಸೊರಬದ ಬಂಗಾರಪ್ಪ, ಶಿಕಾರಿಪುರದಿಂದ ಗೆದ್ದ ಯಡಿಯೂರಪ್ಪ ಮುಖ್ಯಮಂತ್ರಿಗಳಾದರು. ಸಾಗರದ ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾದರು. ಕ್ಯಾಸನೂರಿನಿಂದ ಒಂದು ದಿನದ ಓಡಾಟದೊಳಗೆ ಸಿಗುವ ಊರುಗಳಿವು. ಮನಸ್ಸಿರಲಿಲ್ಲ ಎಂದು ಎಲ್ಲರ ಮೇಲೂ ಹೇಳಲಾಗದು. 2010ರ ದಶಕದಲ್ಲಿ ಕಾಡಿನ ಪಟ್ಟಿಯಿಂದ ಈ ಜಮೀನುಗಳನ್ನು ಬಿಡಿಸುವ ಅಧಿಸೂಚನೆಗಳು ಒಂದರ ಹಿಂದೊಂದು ಹೊರಟವು, ಹಕ್ಕುಪತ್ರಗಳೂ ಹಂಚಿಕೆಯಾದವು. ಹಿರಿಯರು ಹಣೆಗೆ ಒತ್ತಿಕೊಂಡು ಮನೆಗೆ ಒಯ್ದರು. ಆದರೆ ಕೇಂದ್ರದ ಅನುಮತಿ ಪಡೆದಿರಲಿಲ್ಲ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ 2021ರ ಮಾರ್ಚಿನಲ್ಲಿ ಹೈಕೋರ್ಟು 2017ರ ಒಂದು ಅಧಿಸೂಚನೆಯನ್ನು ರದ್ದು ಮಾಡಿತು. ಆಮೇಲೆ ಸರಕಾರ ಅದೇ ಬಗೆಯ ಉಳಿದವನ್ನೂ ಹಿಂಪಡೆಯಿತು. ನ್ಯಾಯಾಲಯ ಕಾನೂನನ್ನು ಓದಿದ್ದು ತಪ್ಪು ಎಂದು ನಾನು ಹೇಳಲಾರೆ. ಕಾಡು ಉಳಿಯಬೇಕು ಎಂಬವರ ಆತಂಕವೂ ಸುಳ್ಳಲ್ಲ. ಸಂತ್ರಸ್ತರ ಹೆಸರಿನಲ್ಲಿ ಕಾಡು ಕಬಳಿಸಲು ಕಾದು ಕೂತವರು ಮಲೆನಾಡಿನಲ್ಲಿ ಇಲ್ಲದಿಲ್ಲ. ಆದರೆ ಹಕ್ಕುಪತ್ರವನ್ನು ಪೆಟ್ಟಿಗೆಯಲ್ಲಿಟ್ಟ ಮನೆಯವರು ಮಾಡಿದ ತಪ್ಪೇನು? ಸರಕಾರವೇ ಕರೆತಂದು ಕೂರಿಸಿದವರ ಮೊಮ್ಮಕ್ಕಳಿಗೆ ದಾಖಲೆಯ ಭಾಷೆಯಲ್ಲಿ ಇಂದು ಇರುವ ಹೆಸರು ಒತ್ತುವರಿದಾರರು.

ಸಂತ್ರಸ್ತ ಮತ್ತು ಒತ್ತುವರಿದಾರ: ಈ ಎರಡು ಶಬ್ದಗಳ ನಡುವೆ ಒಂದು ಕುಟುಂಬ ಅರವತ್ತು ವರ್ಷಗಳಲ್ಲಿ ಹೇಗೆ ಸಾಗಿತು ಎಂಬುದು ಭಾಷೆಯ ಪ್ರಶ್ನೆ. ಹಾಗಾಗಿಯೇ ಇದು ಸಾಹಿತ್ಯದ ಪ್ರಶ್ನೆಯೂ ಹೌದು.

2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ದಾರಿ ಸಿಗಬಹುದು ಎಂದು ಹಲವರು ಅರ್ಜಿ ಹಾಕಿದರು. ಆ ಕಾಯಿದೆಯನ್ನು ಒಮ್ಮೆ ಕಥೆಯಂತೆ ಓದಿ ನೋಡಿ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದವರೆಂದು ತೋರಿಸಬೇಕು. 1960ರ ದಶಕದಲ್ಲಿ ಸರಕಾರಿ ಲಾರಿಯಿಂದ ಇಳಿದವರು ಆ ನೆಲದಲ್ಲಿ 75 ವರ್ಷವನ್ನು ಎಲ್ಲಿಂದ ತರಬೇಕು? ಅಭಿವೃದ್ಧಿ ಯೋಜನೆಗೆ ಪರಿಹಾರವಿಲ್ಲದೆ ಜಮೀನು ಕಳೆದುಕೊಂಡವರಿಗೂ ಅದರಲ್ಲಿ ಒಂದು ಕಲಮು ಇದೆ. ಆದರೆ ಷರತ್ತು ಏನೆಂದರೆ, ಸ್ವಾಧೀನ ಮಾಡಿಕೊಂಡ ಉದ್ದೇಶಕ್ಕೆ ಆ ಜಮೀನನ್ನು ಐದು ವರ್ಷದೊಳಗೆ ಬಳಸಿರಬಾರದು. ಬಳಸಿದ್ದಾರೆ ಸ್ವಾಮಿ, ಅದರ ಮೇಲೆ ನೀರು ನಿಲ್ಲಿಸಿದ್ದಾರೆ.

ಸೊರಬದ ನೆಲದ ಬಗ್ಗೆ ಒಂದು ಮಾತು ಇಲ್ಲೇ ಸೇರಿಸಬೇಕು. ಇದು ಕಾನುಗಳ ಸೀಮೆ. ಊರಿನವರು ಮೆಣಸು ಬಳ್ಳಿ ಹಬ್ಬಿಸಿ, ಬೈನೆ ಮರ ಕಾಯ್ದುಕೊಂಡು, ದೇವರ ಹೆಸರಿನಲ್ಲಿ ಉಳಿಸಿಕೊಂಡು ಬಂದ ಕಾಡಿಗೆ ಇಲ್ಲಿ ಕಾನು ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ, 1868ರಲ್ಲೇ, ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಬರೆದರು. ಕಾನು ಊರಿನದೋ ಸರಕಾರದದೋ ಎಂಬ ತಕರಾರು ಅಂದಿನಿಂದ ಮುಗಿದಿಲ್ಲ. ಕಾನು, ಸೊಪ್ಪಿನಬೆಟ್ಟ, ಗೋಮಾಳ, ರಾಜ್ಯ ಅರಣ್ಯ – ಒಂದೇ ಗುಡ್ಡಕ್ಕೆ ಕಾಗದದಲ್ಲಿ ಎಷ್ಟು ಹೆಸರು! ಇಂಥ ನೆಲದ ಮೇಲೆ ಮುಳುಗಡೆಯವರನ್ನು ತಂದು ಇಳಿಸಿದಾಗ ಅಲ್ಲಿಯ ಹಳಬರಿಗೂ ಹೊಸಬರಿಗೂ ನಡುವೆ ಏನಾಯಿತು? ಕಾನಿನ ಸೊಪ್ಪು, ಸೌದೆ, ನೀರು ಯಾರ ಪಾಲಿಗೆ ಕಡಿಮೆಯಾಯಿತು? ಕಾಡಿನ ಅಂಚು ಕಲಕಿದ್ದಕ್ಕೂ ಮಂಗನ ಕಾಯಿಲೆ ಹರಡಿದ್ದಕ್ಕೂ ಸಂಬಂಧವಿದೆ ಎಂದು ವಿಜ್ಞಾನಿಗಳು ಬರೆದಿದ್ದಾರೆ. ಕ್ಯಾಸನೂರಿನ ಹೆಸರು ಹೊತ್ತ ಆ ಕಾಯಿಲೆ 2018-19ರಲ್ಲಿ ಶರಾವತಿ ಕಣಿವೆಯ ಅರಳಗೋಡಿಗೇ ಹೋಗಿ ಹಲವರನ್ನು ಬಲಿ ತೆಗೆದುಕೊಂಡಿತು. ಎರಡು ಊರಿನ ಎರಡು ಬೇನೆಗಳು ಅಲ್ಲಿ ಒಂದನ್ನೊಂದು ಸಂಧಿಸಿದವು.

ಮತ್ತೆ ‘ದ್ವೀಪ’ ಚಿತ್ರಕ್ಕೆ ಬರುತ್ತೇನೆ, ಏಕೆಂದರೆ ನನ್ನ ತಕರಾರಿಗೆ ಉತ್ತರ ಅರ್ಧ ಅದರಲ್ಲೇ ಇದೆ. ನೆರೆಯವರು ಪರಿಹಾರ ಪಡೆದು ಒಬ್ಬೊಬ್ಬರಾಗಿ ಹೋಗುತ್ತಾರೆ. ಉಳಿದ ಒಂದು ಮನೆಯಲ್ಲಿ ಮಳೆಯ ನಡುವೆ ನಾಗಿ ದುಡಿಯುತ್ತಾಳೆ. ಕಾದಂಬರಿಯ ಕೊನೆಯನ್ನು ಕಾಸರವಳ್ಳಿ ಬದಲಿಸಿದ್ದಾರೆ: ನೀರು ಮನೆಯನ್ನು ನುಂಗದೆ ಇಳಿಯುತ್ತದೆ. ಗಂಡ ಅದನ್ನು ದೇವರ ದಯೆ ಎನ್ನುತ್ತಾನೆ. ನಾಗಿ ಪಟ್ಟ ಪಾಡು ಅವನ ಲೆಕ್ಕಕ್ಕೇ ಬರುವುದಿಲ್ಲ. ಸೌಂದರ್ಯ ಆ ಗಳಿಗೆಯಲ್ಲಿ ಮಾತಿಲ್ಲದೆ ತೋರಿಸುವ ಮುಖವನ್ನು ನೋಡಿದವರು ಮರೆಯಲಾರರು. ದುಡಿದವಳ ಲೆಕ್ಕ ಬರೆಯದ ಗಂಡ, ಕಳೆದುಕೊಂಡವರ ಲೆಕ್ಕ ಬರೆಯದ ಸರಕಾರ – ಎರಡೂ ಒಂದೇ ಜಾತಿಯ ಮರೆವು ಎಂಬುದನ್ನು ಆ ಚಿತ್ರ ಬಲ್ಲದು. ಆದರೆ ವಿಮರ್ಶಕರಾದ ನಾವು ಅದನ್ನು ಹೆಣ್ಣಿನ ಒಂಟಿತನದ ಕಾವ್ಯ ಎಂದು ಹೊಗಳಿ ಮುಂದೆ ಹೋದೆವು, ಲೆಕ್ಕದ ಮಾತನ್ನು ಎತ್ತಲಿಲ್ಲ. ತಪ್ಪು ಲೇಖಕರಿಗಿಂತ ನಮ್ಮ ಓದಿನದು ಹೆಚ್ಚು.

ನಷ್ಟ ಏನು ಎಂದೆನಲ್ಲ, ಅದು ಇದು. ಮುಳುಗಡೆಯನ್ನು ನೀರಿನ ಕಥೆಯಾಗಿಯೇ ಕೇಳುತ್ತಾ ಬಂದ ಓದುಗ ಅದನ್ನು ನೆರೆಯಂತೆ, ಬರದಂತೆ, ಬಂದೆರಗಿದ ವಿಧಿ ಎಂದುಕೊಳ್ಳುತ್ತಾನೆ. ವಿಧಿಗೆ ಮರುಗಬಹುದು, ಬಾಕಿ ಕೇಳಲಾಗದು. ಚೆರೋಕೀಗಳು ತಮ್ಮ ದುಃಖವನ್ನು ಬಾಕಿಯಾಗಿ ಬರೆದಿಟ್ಟರು, ಅದಕ್ಕೇ ಎಪ್ಪತ್ತು ವರ್ಷದ ಮೇಲೆ ಬಡ್ಡಿ ಕೇಳಲು ಅವರ ಮೊಮ್ಮಕ್ಕಳಿಗೆ ಬಾಯಿ ಇತ್ತು. ನಮ್ಮ ಸಂತ್ರಸ್ತರು ಇಂದಿಗೂ ಕೇಳುತ್ತಿರುವುದು ಸೌಲಭ್ಯ. ಕೊಟ್ಟವರು ಹಾರ ಹಾಕಿಸಿಕೊಳ್ಳುತ್ತಾರೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ತುಮರಿ, ಸಿಗಂದೂರು ಕಡೆಯವರು ಅರವತ್ತು ವರ್ಷ ಲಾಂಚಿಗೆ ಕಾದವರು; ಹೆರಿಗೆ ನೋವು ಬಂದವರೂ ಹೆಣ ಹೊತ್ತವರೂ ದಡದಲ್ಲಿ ಕಾದವರು. ಸೇತುವೆಯನ್ನು ಎಲ್ಲರೂ ಕೊಡುಗೆ ಎಂದರು. ಅಣೆಕಟ್ಟಿನ ಖರ್ಚಿನಲ್ಲೇ 1964ರಲ್ಲಿ ಸೇರಬೇಕಾಗಿದ್ದ ಬಾಬ್ತು ಅದು ಎಂದು ವೇದಿಕೆಯ ಮೇಲಿಂದ ಯಾರೂ ಹೇಳಿದಂತೆ ಕಾಣಲಿಲ್ಲ.

ಹೊಸಬರು ಈ ಬಗ್ಗೆ ಬರೆಯುವುದಿದ್ದರೆ ಶುರು ಮಾಡುವ ಜಾಗ ಜಲಾಶಯದ ದಡವಲ್ಲ. ಸೊರಬದ, ಶಿಕಾರಿಪುರದ, ಹೊಸನಗರದ ಮನೆಗಳ ಅಟ್ಟ. ಚೆರೋಕೀಗಳ ಹಂದಿ, ಕೋಳಿ, ಪೀಚ್ ಮರದ ಪಟ್ಟಿಗಳನ್ನು ಅಲ್ಲಿನ ದಾಖಲೆ ಭಂಡಾರಗಳು ಜೋಪಾನ ಮಾಡಿವೆ. ನಮ್ಮಲ್ಲಿ ಬಿಟ್ಟುಬಂದ ಅಡಿಕೆ ಮರ, ಮಾವಿನ ಮರ, ಬಾವಿ, ಹಂಚಿನ ಮನೆಯ ಪಟ್ಟಿಯನ್ನು ಬರೆದಿಟ್ಟ ಹಳೆಯ ನೋಟೀಸುಗಳು, ಪಂಚನಾಮೆಗಳು ಪ್ಲಾಸ್ಟಿಕ್ ಚೀಲದಲ್ಲಿವೆ. ಮಲೆನಾಡಿನ ಮಳೆಗೆ ಕಾಗದ ಬೇಗ ಹಿಟ್ಟಾಗುತ್ತದೆ. ನಾನು ನೋಡಿದ ಒಂದು ಚೀಲದಲ್ಲಿ ಮಡಿಕೆಯ ಗೆರೆಯಲ್ಲೇ ಹರಿದುಹೋದ ಒಂದು ಹಾಳೆ ಇತ್ತು. ಮರಗಳ ಸಂಖ್ಯೆ ಇದ್ದ ಅರ್ಧ ಉಳಿದಿತ್ತು, ಊರಿನ ಹೆಸರಿದ್ದ ಅರ್ಧ ಹೋಗಿತ್ತು. ಊರಿನ ಹೆಸರನ್ನು ಅಜ್ಜ ಬಾಯಲ್ಲಿ ಹೇಳಿದರು. ಮೊಮ್ಮಗಳು ಅದನ್ನು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಳು.